ದೊರೆಯ ಕಿರುಬೆರಳು

ಚಿತ್ರಕಲೆ ಕಲಿಯಲು ಹೊರಟ ಹುಡುಗರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರೆಲ್ಲ ಕೇಳುವುದು ಎರಡೇ ಪ್ರಶ್ನೆ. "ಸಾರ್, ಈ ಕೆಲಸದಲ್ಲಿ ಹೊಟ್ಟೆ ತುಂಬುತ್ತದಾ?" ಎಂಬುದು ಮೊದಲನೆಯದು. ನನ್ನ ಹೊಟ್ಟೆಯನ್ನೇ ತೋರಿಸುತ್ತೇನೆ. ಎಪ್ಪತ್ತು ದಾಟಿದರೂ ಅದು ಬೆನ್ನಿನ ಹತ್ತಿರವೇ ಇದೆ. "ಯಾವ ಕಂಪನಿಯ ಬಣ್ಣ ಒಳ್ಳೇದು?" ಎಂಬುದು ಎರಡನೆಯದು. ನಿಮ್ಮ ಕೈಗೆ ಸಿಕ್ಕಿದ್ದು ಒಳ್ಳೆಯದು ಎನ್ನುತ್ತೇನೆ. ಒಬ್ಬನಾದರೂ "ಬರೆದದ್ದನ್ನು ಅಳಿಸುವಾಗ ಏನು ನೋಡಿಕೊಳ್ಳಬೇಕು?" ಎಂದು ಕೇಳಿಲ್ಲ. ಕೇಳದಿದ್ದರೂ ಹೇಳಬೇಕೆನ್ನಿಸಿದೆ. ಇನ್ನು ಎಷ್ಟು ದಿನ ಕೈ ನಡುಗದೆ ಬರೆಯುತ್ತದೋ ಗೊತ್ತಿಲ್ಲ.

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿ ಕಳೆದ ವರ್ಷಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಹೂಜಿ, ಕೊಡೆ, ಅರ್ಧ ಸುಲಿದ ಬಾಳೆಹಣ್ಣು. ಬರೆದು ಮುಗಿಸುವಷ್ಟರಲ್ಲಿ ಬಾಳೆಹಣ್ಣು ಯಾರದೋ ಹೊಟ್ಟೆಗೆ ಹೋಗಿರುತ್ತಿತ್ತು. ಅದಕ್ಕೂ ಮುಂಚೆ, ಮಹಾರಾಜರ ಆಳ್ವಿಕೆಯ ಕೊನೆಯ ಹತ್ತು ವರ್ಷ, ಮಂಡ್ಯದ ಸ್ಟೇಷನ್ ರಸ್ತೆಯಲ್ಲಿ ಒಂದು ಕೋಣೆ ಹಿಡಿದು ನಾನು ತೈಲಚಿತ್ರ ಬರೆಯುತ್ತಿದ್ದೆ. ನಾನು ನಿಜವಾಗಿ ಕೆಲಸ ಮಾಡಿದ್ದು ಆಗ, ನಿಜವಾಗಿ ತಪ್ಪು ಮಾಡಿದ್ದೂ ಆಗಲೇ.

ಆಗ ತಾಲ್ಲೂಕು ಕಚೇರಿ, ಸ್ಕೂಲು, ಆಸ್ಪತ್ರೆ, ಸಭೆ ನಡೆಯುವ ಊರಿನ ಹಾಲು, ಎಲ್ಲಿ ಹೋದರೂ ಗೋಡೆಯ ಮೇಲೆ ದೊರೆಯ ಚಿತ್ರ ಇರಲೇಬೇಕಿತ್ತು. ಅಚ್ಚಿನ ಪಟ ಸಣ್ಣ ಕಚೇರಿಗಳಿಗೆ. ಗತ್ತಿರುವ ಕಡೆ ಆಳೆತ್ತರದ ತೈಲಚಿತ್ರ. ಮೈಸೂರಿನಲ್ಲಿ ನನಗೆ ಕಲಿಸಿದ ಗುರುಗಳ ಹತ್ತಿರ ಯಾರೋ ಫ್ರೆಂಚ್ ಚಕ್ರವರ್ತಿಯ ಚಿತ್ರದ್ದೊಂದು ಅಚ್ಚು ಇತ್ತು. ಹಿಂದೆ ಕಂಬ, ಪಕ್ಕದಲ್ಲಿ ಕೆಂಪು ಪರದೆ, ಒಂದು ಕಾಲು ಮುಂದಿಟ್ಟು ಅಲುಗಾಡದೆ ನಿಂತ ಆಸಾಮಿ. ನಮ್ಮ ದೊರೆಗಳನ್ನೆಲ್ಲ ಗುರುಗಳು ಅದೇ ಭಂಗಿಯಲ್ಲಿ ನಿಲ್ಲಿಸುತ್ತಿದ್ದರು. ಟೋಪಿಯ ಬದಲು ಜರತಾರಿ ಪೇಟ, ಅಷ್ಟೇ ವ್ಯತ್ಯಾಸ. "ಆಳುವವನ ಚಿತ್ರದಲ್ಲಿ ಗಾಳಿ ಬೀಸಬಾರದು ಕಣಯ್ಯ" ಎನ್ನುತ್ತಿದ್ದರು. ಬಟ್ಟೆಯ ಮಡಿಕೆ ಕಲ್ಲಿನಲ್ಲಿ ಕಡೆದ ಹಾಗಿರಬೇಕು, ಬ್ರಷ್ಷು ಎಳೆದ ಗುರುತು ಎಲ್ಲೂ ಕಾಣಬಾರದು, ಮುಖದಲ್ಲಿ ನಗುವೂ ಇರಬಾರದು ಕೋಪವೂ ಇರಬಾರದು. ಬರೆದವನೊಬ್ಬ ಇದ್ದ ಎಂಬುದೇ ನೋಡಿದವರಿಗೆ ಹೊಳೆಯಬಾರದು ಎಂಬುದು ಅವರ ಪಾಠ. ನನಗೆ ಅದು ಬಹಳ ಚೆನ್ನಾಗಿ ಬಂತು.

ಇಷ್ಟೆಲ್ಲ ಬರೆಯುವುದಕ್ಕೆ ನಮಗೆ ಸಿಗುತ್ತಿದ್ದ ಆಧಾರವೆಂದರೆ ಒಂದು ಫೋಟೋ. ಅದೂ ಎದೆಮಟ್ಟದ್ದು. ದೊರೆಯನ್ನು ಎದುರಿಗೆ ಕೂರಿಸಿಕೊಂಡು ಬರೆಯುವ ಭಾಗ್ಯ ಅರಮನೆಯ ಚಿತ್ರಗಾರರಿಗೆ. ನಮ್ಮಂಥವರು ಫೋಟೋದ ಮೇಲೆ ಪೆನ್ಸಿಲಿನಿಂದ ಚೌಕಗಳನ್ನು ಎಳೆದು, ಕ್ಯಾನ್ವಾಸಿನ ಮೇಲೆ ದೊಡ್ಡ ಚೌಕಗಳನ್ನು ಎಳೆದು, ಒಂದೊಂದೇ ಚೌಕದಲ್ಲಿ ಮುಖ ಇಳಿಸುತ್ತಿದ್ದೆವು. ಕತ್ತಿನಿಂದ ಕೆಳಗೆ ಏನು ಮಾಡಬೇಕು? ಅದಕ್ಕೆ ಒಬ್ಬ ಮನುಷ್ಯನನ್ನು ಹಿಡಿದು ತಂದು, ನಾಟಕದ ಕಂಪನಿಯಿಂದ ಬಾಡಿಗೆಗೆ ತಂದ ಅಂಗಿ ತೊಡಿಸಿ ನಿಲ್ಲಿಸಿಕೊಳ್ಳುವುದು. ನೀವು ಹಳೆಯ ಕಚೇರಿಗಳಲ್ಲಿ ಕೈಮುಗಿದು ನೋಡುವ ಎಷ್ಟೋ ದೊರೆಗಳ ಮೈ ಯಾರದೋ ಜವಾನನದು, ಯಾರದೋ ಅಡುಗೆಯವನದು. ಇದು ನಮ್ಮ ಕಸುಬಿನ ಗುಟ್ಟು. ಈಗ ಹೇಳಿದರೆ ತಪ್ಪಿಲ್ಲ, ನನ್ನನ್ನು ಕೆಲಸದಿಂದ ತೆಗೆಯುವವರು ಯಾರೂ ಉಳಿದಿಲ್ಲ.

ನನ್ನ ಮೊದಲ ದೊಡ್ಡ ಕೆಲಸ ಮಳವಳ್ಳಿಯ ಒಂದು ಸ್ಕೂಲಿಗೆ. ದೊರೆಯ ವರ್ಧಂತಿ, ಅಂದರೆ ಹುಟ್ಟುಹಬ್ಬ, ಬಂತೆಂದರೆ ಆ ದಿನಗಳಲ್ಲಿ ಚಿತ್ರವನ್ನು ಗೋಡೆಯಿಂದ ಇಳಿಸಿ, ಅಲಂಕಾರ ಮಾಡಿದ ಗಾಡಿಯಲ್ಲಿಟ್ಟು ಓಲಗದ ಜೊತೆ ಊರಲ್ಲಿ ಮೆರೆಸುತ್ತಿದ್ದರು. ದೊರೆ ಮೈಸೂರಿನಲ್ಲಿದ್ದರೆ ಏನಂತೆ, ಚಿತ್ರ ಇದೆಯಲ್ಲ. ವರ್ಧಂತಿಗೆ ಬೇಕೇಬೇಕೆಂದು ಹೆಡ್ಮಾಸ್ಟರು ತಲೆಯ ಮೇಲೆ ಕೂತಿದ್ದರಿಂದ, ವಾರ್ನಿಷ್ ಪೂರ್ತಿ ಒಣಗುವ ಮೊದಲೇ ಕಳಿಸಿಬಿಟ್ಟೆ. ದಾರಿಯುದ್ದಕ್ಕೂ ಜನ ಸೇವಂತಿಗೆ ಎಸೆದರು. ಮೆರವಣಿಗೆ ಮುಗಿಯುವಷ್ಟರಲ್ಲಿ ದೊರೆಯ ಕೆನ್ನೆ, ಮೀಸೆ, ಎದೆಯ ಪದಕಗಳ ಮೇಲೆಲ್ಲ ಹಳದಿ ಎಸಳುಗಳು ಅಂಟಿಕೊಂಡು ಕೂತಿದ್ದವು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಮೂರು ದಿನ ಮಳವಳ್ಳಿಯಲ್ಲೇ ಕೂತು ಎಸಳು ಬಿಡಿಸಿದೆ. ಹೆಡ್ಮಾಸ್ಟರು ನನ್ನ ಹಿಂದೆ ನಿಂತು, "ಎಡಗಣ್ಣಿನ ಕೆಳಗೆ ಇನ್ನೊಂದಿದೆ ನೋಡ್ರೀ" ಎಂದು ತೋರಿಸುತ್ತಿದ್ದರು. ಈಗ ನಗು ಬರುತ್ತದೆ. ಅವಸರ ಮಾಡಬೇಡ ಎಂದು ಆ ಎಸಳುಗಳು ಹೇಳಿದ್ದನ್ನು ಆಗಲೇ ಕಿವಿಗೆ ಹಾಕಿಕೊಂಡಿದ್ದರೆ ಮುಂದಿನದನ್ನು ಬರೆಯಬೇಕಾಗಿರಲಿಲ್ಲ.

ಅದಾದ ಮಾರನೆಯ ವರ್ಷ ಮದ್ದೂರಿನವರು ತಮ್ಮ ಹಾಲಿಗೆ ಆಳೆತ್ತರದ ಚಿತ್ರ ಬೇಕೆಂದರು. ನನಗೆ ಮೈ ಬೇಕಿತ್ತು. ನನ್ನ ಕೋಣೆಯ ಮುಂದೆ ವಾರಕ್ಕೊಮ್ಮೆ ಒಂದು ಬೆಲ್ಲದ ಗಾಡಿ ನಿಲ್ಲುತ್ತಿತ್ತು. ಹೊಡೆದುಕೊಂಡು ಬರುತ್ತಿದ್ದವನು ವೈದ್ಯನಾಥಪುರದ ಚನ್ನೇಗೌಡ. ಇಪ್ಪತ್ತೈದರ ಸುಮಾರು ವಯಸ್ಸು. ಎತ್ತುಗಳಿಗೆ ನೀರು ಕುಡಿಸುತ್ತ ಅವನು ನಿಲ್ಲುವುದನ್ನು ನೋಡಿದರೆ ಸಾಕು, ಕಂಬ ನೆಟ್ಟ ಹಾಗೆ. ಭುಜ ಅಗಲ, ಕತ್ತು ನೇರ. ಮಂಡ್ಯದ ಯಾವ ಅಧಿಕಾರಿಗೂ ಅಂಥ ನಿಲುವಿರಲಿಲ್ಲ.

ಕೇಳಿದೆ. ಮೊದಲು ನಂಬಲಿಲ್ಲ.

"ಸುಮ್ಕೆ ನಿಂತ್ಕಳದಾ? ಅದ್ಕೂ ಕೂಲಿ ಕೊಡ್ತೀರಾ ಸಾಮಿ?"

"ಕೊಡ್ತೀನಿ. ಆದರೆ ಅಲುಗಾಡಬಾರದು."

"ನಮ್ಮೆತ್ತು ಕೂಡ ಅಷ್ಟೊತ್ತು ನಿಂತ್ಕಳಕಿಲ್ಲ. ಆಗ್ಲಿ, ನೋಡವ."

ವಾರಕ್ಕೆರಡು ದಿನದಂತೆ ಎರಡು ತಿಂಗಳು ನಿಂತ. ನಾಟಕದ ಅಂಗಿ, ಕಾಗದದ ಪದಕ, ತಗಡಿನ ಕತ್ತಿ. ಎಡಗೈ ಕತ್ತಿಯ ಹಿಡಿಯ ಮೇಲೆ. ಹೊರಗೆ ಕಟ್ಟಿದ ಎತ್ತುಗಳು ಕೂಗಿದರೆ ದೊರೆಯ ಭಂಗಿಯಲ್ಲೇ "ಬತ್ತೀನಿ ಇರ್ಲಾ!" ಎಂದು ಗದರುತ್ತಿದ್ದ. ಅವನ ಕೈಯ ಬಣ್ಣವನ್ನು ನಾನು ಚಿತ್ರದಲ್ಲಿ ತಿಳಿ ಮಾಡಿದ್ದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾನ್ ಇಷ್ಟು ಬೆಳ್ಳಗಾಗ್ಬುಟ್ರೆ ನಮ್ಮವ್ವ ಒಳೀಕೇ ಸೇರ್ಸಾಕಿಲ್ಲ, ಯಾವನೋ ಅಮಲ್ದಾರ ಬಂದ ಅಂತ ಚಾಪೆ ಆಕ್ತಾಳೆ" ಎಂದ. ಅವನಿಗೆ ಇದ್ದದ್ದು ತಾಯಿಯೊಬ್ಬಳೇ. ದೇವೀರಮ್ಮ ಎಂದು ಹೆಸರು. ಅವನ ಮಾತಿನಲ್ಲಿ ಮೂರಕ್ಕೊಂದು ಸಲ ಅವಳು ಬರುತ್ತಿದ್ದಳು.

ಅವನ ಎಡಗೈ ಕಿರುಬೆರಳು ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವಾಗ ಸಿಕ್ಕಿಕೊಂಡಿತ್ತಂತೆ. ಬರೆಯುವಾಗ ನಾನು ಗಮನಿಸಲೇ ಇಲ್ಲ. ಕಣ್ಣು ಕಂಡದ್ದನ್ನು ಕೈ ಬರೆಯಿತು. ಇಡೀ ಚಿತ್ರ ಮುಗಿದ ಮೇಲೆ ಹಿಂದೆ ಸರಿದು ನಿಂತು ನೋಡಿದರೆ, ಜರತಾರಿ, ಕೆಂಪು ಪರದೆ, ದೊರೆಯ ಶಾಂತವಾದ ಮುಖ, ಎಲ್ಲದರ ನಡುವೆ ಕತ್ತಿಯ ಹಿಡಿಯ ಮೇಲೆ ಆಲೆಮನೆಯ ಬೆರಳು! ಅಯ್ಯೋ ಎಂದು ಬ್ರಷ್ಷು ಎತ್ತಿಕೊಂಡೆ. ಚನ್ನ ನನ್ನ ಪಕ್ಕಕ್ಕೆ ಬಂದು ನೋಡಿದ.

"ಅದೊಂದ ಬುಟ್ಬುಡಿ ಸಾಮಿ. ಮಿಕ್ಕಿದ್ದೆಲ್ಲಾ ರಾಜಂದು. ನಂದೂ ಅಂತ ಒಂಚೂರು ಇರ್ಲಿ. ಅಷ್ಟ್ ಮೇಲ್ಗಡೆ ಯಾರ್ ನೋಡಾರು?"

ಅವನು ಬೇಡಿಕೊಳ್ಳಲಿಲ್ಲ, ನಗುತ್ತಲೇ ಕೇಳಿದ. ನಾನೂ ನಗುತ್ತಲೇ ಆಗಲಿ ಎಂದೆ. ಕೊಟ್ಟ ಮಾತು ಎಂದು ಆಗ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ.

ಚಿತ್ರವನ್ನು ಮದ್ದೂರಿಗೆ ಅವನ ಗಾಡಿಯಲ್ಲೇ ಸಾಗಿಸಿದೆವು. ಬೆಲ್ಲದ ಅಚ್ಚುಗಳ ಮೇಲೆ ಹುಲ್ಲು ಹಾಸಿ, ಅದರ ಮೇಲೆ ಮಹಾಪ್ರಭುಗಳು ಅಂಗಾತ. ಹಾಲಿನಲ್ಲಿ ತೂಗುಹಾಕಿದಾಗ ಎಲ್ಲರೂ ಭೇಷ್ ಎಂದರು, ಬೆರಳನ್ನು ಯಾರೂ ನೋಡಲಿಲ್ಲ. ನಾಲ್ಕು ತಿಂಗಳಾಗಿರಬಹುದು, ಬೆಲ್ಲದ ಗಾಡಿ ಬರುವುದು ನಿಂತಿತು. ಬೇರೆ ಯಾರೋ ಹೊಡೆದುಕೊಂಡು ಬಂದಾಗ ವಿಚಾರಿಸಿದೆ. ನಾಲೆಯ ನೀರು ಬಂದ ಮೇಲೆ ನಮ್ಮ ಕಡೆ ಚಳಿಜ್ವರದ ಹಾವಳಿ ಹೇಳತೀರದು. ಗದ್ದೆಗಳೂ ಬಂದವು, ಸೊಳ್ಳೆಗಳೂ ಬಂದವು. ಚನ್ನ ಹದಿನೈದು ದಿನ ಮಲಗಿದ್ದನಂತೆ. ವೈದ್ಯನಾಥ ಸ್ವಾಮಿಯ ಊರಿನಲ್ಲೇ ಹುಟ್ಟಿ ಬೆಳೆದವನನ್ನು ವೈದ್ಯನಾಥನೂ ಉಳಿಸಿಕೊಳ್ಳಲಿಲ್ಲ. ಆ ದಿನ ನಾನು ಒಂದು ಕಾಫಿ ಕ್ಲಬ್ಬಿನ ಬೋರ್ಡು ಬರೆಯುತ್ತಿದ್ದೆ. ಅರ್ಧಕ್ಕೆ ನಿಲ್ಲಿಸಿ ಬಾಗಿಲು ಎಳೆದುಕೊಂಡು ಕೂತು ಅತ್ತೆ.

ಮುಂದಿನ ವರ್ಧಂತಿಯ ದಿನ ಮದ್ದೂರಿನ ಹಾಲಿಗೆ ಹೋಗಿದ್ದೆ. ಚಿತ್ರ ಬರೆದವನು ಆ ದಿನ ಹಾಜರಿರಬೇಕು, ಎಲ್ಲಾದರೂ ಬಿರುಕು ಬಿಟ್ಟಿದ್ದರೆ ನೋಡಿ ಸರಿ ಮಾಡಿ ಕೊಡಬೇಕು. ಇದು ರೂಢಿ. ಸಭೆ ಶುರುವಾಗುವ ಮೊದಲು ಒಬ್ಬ ಹೆಂಗಸು ಒಳಗೆ ಬಂದಳು. ಬರಿಗಾಲು, ಕೈಯಲ್ಲಿ ಎಲೆಯಲ್ಲಿ ಸುತ್ತಿದ ನಾಲ್ಕು ಕಣಗಿಲೆ ಹೂವು. ನೆಟ್ಟಗೆ ಚಿತ್ರದ ಹತ್ತಿರ ಹೋಗಿ ಹೂವನ್ನು ಚೌಕಟ್ಟಿನ ಕೆಳಗಿನ ಎಡಮೂಲೆಯಲ್ಲಿ ಸಿಕ್ಕಿಸಿ, ನಿಂತು ನೋಡಿದಳು. ಎಲ್ಲರೂ ಮುಖಕ್ಕೆ ಕೈಮುಗಿದರೆ ಇವಳ ಕಣ್ಣು ಕತ್ತಿಯ ಹಿಡಿಯ ಮೇಲಿತ್ತು. ನನಗೆ ಗೊತ್ತಾಯಿತು. ಹತ್ತಿರ ಹೋಗಿ, "ನೀವು ಚನ್ನನ ತಾಯೇನಮ್ಮ?" ಎಂದೆ.

"ಊಂ ಕಣಪ್ಪ. ನೀನೇಯಾ ಬರ್ದೋನು? ನನ್ ಮಗ ಏಳಿದ್ದ, ಅವ್ವ, ಮದ್ದೂರಲ್ಲಿ ನಾನವ್ನಿ, ಓಗಿ ನೋಡು ಅಂತ. ಇದ್ದಾಗ ಎಲ್ ಬರಾಕಾದದು? ಎಮ್ಮೆ ಕರಾ ಅಂತ ಇದ್ಬುಟ್ಟೆ."

ಮಗನ ಒಂದು ಫೋಟೋ ಅವಳ ಹತ್ತಿರ ಇರಲಿಲ್ಲ. ಇಂಥ ಮನೆಗಳಲ್ಲಿ ಯಾರಿಗೆ ಫೋಟೋ? ಭೂಮಿಯ ಮೇಲೆ ಚನ್ನ ಎಂಬುವನಿದ್ದ ಎನ್ನುವುದಕ್ಕೆ ಉಳಿದಿದ್ದ ಗುರುತು ಆ ಬೆರಳೊಂದೇ.

ಆಮೇಲೆ ನಡೆದದ್ದನ್ನು ಹೇಳಬೇಕು. ತಾಲ್ಲೂಕಿನ ಅಮಲ್ದಾರರು ಭಾಷಣದ ನಡುವೆ ಅವಳನ್ನು ಕೈಮಾಡಿ ತೋರಿಸಿ, "ನೋಡಿ, ಈ ಬಡ ರೈತಮಹಿಳೆ! ನಡೆದುಕೊಂಡು ಬಂದು ಪ್ರಭುಗಳಿಗೆ ಹೂವು ಅರ್ಪಿಸಿದ್ದಾಳೆ. ರಾಜಭಕ್ತಿ ಎಂದರೆ ಇದು!" ಎಂದರು. ಜನ ಚಪ್ಪಾಳೆ ತಟ್ಟಿದರು. ದೇವೀರಮ್ಮ ಸುತ್ತ ನೋಡಿ ನನ್ನ ಕಡೆ ಬಗ್ಗಿ, "ಯಾಕಪ್ಪಾ ಇಂಗೆ ಬಡ್ಕತಾ ಅವ್ರೆ?" ಎಂದು ಕೇಳಿದಳು. "ನಿನ್ನ ಹೂವನ್ನು ಹೊಗಳುತ್ತಿದ್ದಾರಮ್ಮ" ಎಂದೆ. "ಕಣಗ್ಲೆ ಊವ ಯಾರಾದ್ರೂ ಒಗಳ್ತಾರಾ?" ಎಂದಳು.

ಅಂದಿನಿಂದ ಪ್ರತಿ ವರ್ಧಂತಿಗೂ ಬರುತ್ತಿದ್ದಳು. ಅಮಲ್ದಾರರೂ ಪ್ರತಿ ಸಲ ಅವಳನ್ನು ತೋರಿಸುತ್ತಿದ್ದರು. ಅವರು ಒಳ್ಳೆಯ ಮನುಷ್ಯ, ಅವರಿಗೆ ನಿಜ ಹೇಳಿ ಬೇಸರಪಡಿಸಲು ನನಗೆ ಮನಸ್ಸು ಬರಲಿಲ್ಲ.

ಆಮೇಲೆ ದೊರೆ ತೀರಿಕೊಂಡರು. ಊರಿಗೆ ಊರೇ ಮಂಕಾಯಿತು. ಮಂಡ್ಯದಲ್ಲಿ ಅಂಗಡಿಗಳು ತಾವಾಗಿಯೇ ಮುಚ್ಚಿದವು. ಹೊಸ ದೊರೆ ಪಟ್ಟಕ್ಕೆ ಬಂದರು. ಸೂತಕ ಕಳೆದ ಮೇಲೆ ನನ್ನ ಕೋಣೆಗೆ ಒಂದರ ಹಿಂದೊಂದು ಕಾಗದ. ಎಲ್ಲರಿಗೂ ಹೊಸ ದೊರೆಯ ಚಿತ್ರ ಬೇಕು, ಹೊಸ ಕ್ಯಾನ್ವಾಸಿಗೆ ಮಾತ್ರ ಮಂಜೂರಾತಿ ಇಲ್ಲ. ಹಾಗಾದರೆ ಏನು ಮಾಡುವುದು? ಮೈ ಹಾಗೇ ಇರಲಿ, ತಲೆ ಬದಲಾಯಿಸಿ ಕೊಡಿ. ನಗಬೇಡಿ. ಆ ವರ್ಷ ನಾನು ಇಂಥ ಹನ್ನೊಂದು ತಲೆ ಬದಲಾಯಿಸಿದ್ದೇನೆ. ಗುರುಗಳು ಕಲಿಸಿದ್ದ ಕ್ರಮ ಹೀಗೆ: ಹಳೆಯ ಬಣ್ಣದ ಮೇಲೆ ಮೊದಲು ವಾರ್ನಿಷ್ ಬಳಿದು ಪೂರ್ತಿ ಒಣಗಿಸಬೇಕು, ಆಮೇಲೆ ಹೊಸ ಬಣ್ಣ. ಮುಂದೆ ಎಂದಾದರೂ ಬೇಡವೆನ್ನಿಸಿದರೆ ಟರ್ಪೆಂಟೈನಿನಲ್ಲಿ ಒರೆಸಿದಾಗ ಮೇಲಿನದು ಮಾತ್ರ ಹೋಗುತ್ತದೆ, ಕೆಳಗಿನದು ಉಳಿಯುತ್ತದೆ. "ಇನ್ನೊಬ್ಬ ಬಂದು ನಿನ್ನ ಕೆಲಸ ಅಳಿಸುವಾಗ ಹಳೆಯವನು ಸಾಯದ ಹಾಗೆ ಮಾಡಿಡು" ಎನ್ನುತ್ತಿದ್ದರು. ಮದ್ದೂರಿನ ತಲೆಯನ್ನು ಹಾಗೆಯೇ ಕ್ರಮವಾಗಿ ಮಾಡಿದೆ. ವಾರ್ನಿಷ್ ಒಣಗಲು ವಾರಗಟ್ಟಲೆ ಕಾದೆ.

ದೇವೀರಮ್ಮ ಏನೆನ್ನುತ್ತಾಳೋ ಎಂದು ಅಳುಕಿತ್ತು. ಬಂದಳು, ನೋಡಿದಳು.

"ತಲೆ ಯಾರ್ದಾನಾ ಆಗ್ಲಿ ಬುಡು. ಮೈ ನನ್ ಮಗಂದು ತಾನೆ" ಎಂದು ಹೂವು ಸಿಕ್ಕಿಸಿದಳು.

ಒಂದೆರಡು ವರ್ಷ ಕಳೆದು ಹಳೆಯ ಅಮಲ್ದಾರರಿಗೆ ವರ್ಗವಾಯಿತು. ಹೊಸಬರು ಬಂದರು. ಕುದುರೆಯ ಹಿಂದೆ ಹೋಗಬೇಡ, ಅಧಿಕಾರಿಯ ಮುಂದೆ ಹೋಗಬೇಡ ಎಂಬ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು. ಕಡತದಲ್ಲಿ ಒಂದು ಕೊಂಬು ಕೊಟ್ಟಿಲ್ಲದಿದ್ದರೂ ಹಿಡಿಯುತ್ತಿದ್ದರು. ವರ್ಧಂತಿಗೆ ಎರಡು ದಿನ ಇರುವಾಗ ಹಾಲನ್ನು ತನಿಖೆ ಮಾಡಲು ಬಂದು, ಏಣಿ ತರಿಸಿ, ಖುದ್ದಾಗಿ ಹತ್ತಿದರು. ನನ್ನನ್ನು ಕರೆತರಲು ಮಂಡ್ಯಕ್ಕೆ ಆಳು ಬಂದ.

"ಇದೇನ್ರೀ ಇದು? ಪ್ರಭುಗಳ ಕಿರುಬೆರಳು ಸೊಟ್ಟವೇನ್ರೀ?"

ತಡಬಡಾಯಿಸಿದೆ. ಮಾದರಿಗೆ ನಿಂತವನ ಬೆರಳು ಎಂದು ಬಾಯಿಬಿಟ್ಟರೆ ಇನ್ನೂ ಕೆಟ್ಟದಾಗುತ್ತಿತ್ತು. "ನೆರಳು ಹಾಗೆ ಕಾಣಿಸುತ್ತದೆ ಸ್ವಾಮಿ" ಎಂದೆ.

"ನಾಳಿದ್ದು ಸಭೆ. ಅಷ್ಟರೊಳಗೆ ನೆಟ್ಟಗಾಗಬೇಕು. ಇಲ್ಲದಿದ್ದರೆ ಇದು ಅವಮರ್ಯಾದೆ ಎಂದು ಮೇಲಕ್ಕೆ ಬರೀತೀನಿ. ಆಮೇಲೆ ಈ ಜಿಲ್ಲೆಯಲ್ಲಿ ನಿಮಗೆ ಯಾರು ಕೆಲಸ ಕೊಡ್ತಾರೋ ನೋಡೋಣ."

ಆಗ ನನಗೆ ಮದುವೆಯಾಗಿ ಎರಡು ವರ್ಷ, ಮನೆಯಲ್ಲಿ ಎಳೆಯ ಮಗು. ಯುದ್ಧದಿಂದಾಗಿ ಹೊರದೇಶದ ಬಣ್ಣ ಬರುವುದು ನಿಂತು, ಅಗಸೆ ಎಣ್ಣೆಗೆ ಪುಡಿ ಅರೆದು ನಾವೇ ಬಣ್ಣ ಮಾಡಿಕೊಳ್ಳುತ್ತಿದ್ದ ಕಾಲ. ಇವೆಲ್ಲ ಕಾರಣಗಳು ನಿಜ. ಆದರೂ ಕಾರಣ ಹೇಳಿ ತಪ್ಪಿಸಿಕೊಳ್ಳಲು ನಾನು ಇದನ್ನು ಬರೆಯುತ್ತಿಲ್ಲ. ಹಳೆಯ ಅಮಲ್ದಾರರಿಗೆ ಒಂದು ಕಾಗದ ಹಾಕಬಹುದಿತ್ತು. ಕತ್ತಿಯ ಹಿಡಿಯಿಂದ ಒಂದು ಜರಿಯ ಕುಚ್ಚು ಇಳಿಬಿಟ್ಟು ಬೆರಳನ್ನು ಮರೆಮಾಡಬಹುದಿತ್ತು, ಅದು ಅರ್ಧ ಗಂಟೆಯ ಕೆಲಸ. ಹೋಗಲಿ, ವೈದ್ಯನಾಥಪುರ ಕೂಗಳತೆಯಲ್ಲಿತ್ತು, ಅವಳಿಗೊಂದು ಮಾತು ಹೇಳಬಹುದಿತ್ತು. ಒಂದೂ ಹೊಳೆಯಲಿಲ್ಲ. ಹೆದರಿದವನ ತಲೆಗೆ ಹೇಳಿದ್ದನ್ನು ಮಾಡಿ ಮುಗಿಸುವುದೊಂದೇ ಹೊಳೆಯುತ್ತದೆ. ವಾರ್ನಿಷ್ ಬಳಿದು ಒಣಗಿಸಲು ಸಮಯವಿರಲಿಲ್ಲ. ಹಳೆಯ ಬಣ್ಣದ ಮೇಲೆ ನೇರವಾಗಿ ಹೊಸ ಬಣ್ಣ ಎಳೆದೆ. ಬೆರಳು ನೆಟ್ಟಗಾಯಿತು. ಅಮಲ್ದಾರರ ಸಂತೋಷಕ್ಕೆಂದು ಅದಕ್ಕೊಂದು ಹರಳಿನ ಉಂಗುರವನ್ನೂ ತೊಡಿಸಿದೆ. ಬಹಳ ಚೆನ್ನಾಗಿ ಬಂದಿತ್ತು, ಬ್ರಷ್ಷಿನ ಗುರುತು ಎಲ್ಲೂ ಕಾಣುತ್ತಿರಲಿಲ್ಲ.

ವರ್ಧಂತಿಯ ದಿನ ದೇವೀರಮ್ಮ ಬಂದಳು. ನಾನು ಕಂಬದ ಮರೆಯಲ್ಲಿ ನಿಂತೆ, ನಾಚಿಕೆಗೇಡಿ. ಹೂವು ಸಿಕ್ಕಿಸಲು ಎತ್ತಿದ ಅವಳ ಕೈ ಅಲ್ಲೇ ನಿಂತಿತು. ಹತ್ತಿರ ಹೋದಳು, ದೂರ ಸರಿದಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ಕಣ್ಣು ಮಂಜಾಗಿರಬೇಕು ಎಂದುಕೊಂಡಿರಬಹುದು. ಆಮೇಲೆ ತಿರುಗಿ ಸಭೆಯಲ್ಲೆಲ್ಲ ನನ್ನನ್ನು ಹುಡುಕಿದಳು. ಬರದೆ ವಿಧಿ ಇರಲಿಲ್ಲ.

"ಬೆರಳ ಯಾರಪ್ಪ ಸರಿ ಮಾಡ್ದೋರು?"

"ನಾನೇ ಅಮ್ಮ. ಅಮಲ್ದಾರರ ಹುಕುಮು ಆಯಿತು, ಏನೂ ಮಾಡೋ ಹಾಗಿರಲಿಲ್ಲ."

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ನಮ್ಮ ಕಡೆಯ ಹೆಂಗಸರು ಬೈದರೆ ಏಳು ತಲೆಮಾರು ಎದ್ದು ಕೂರಬೇಕು. ಬೈದಿದ್ದರೆ ನನಗೂ ಒಳ್ಳೆಯದಾಗುತ್ತಿತ್ತು.

"ಮಗ ಚಿಕ್ಕೋನಾಗಿದ್ದಾಗ ಎಷ್ಟ್ ಜನದ್ ತಾವ ಎತ್ಕಂಡ್ ಓಗಿದ್ದೆ ಗೊತ್ತಾ? ನಾಟಿ ಔಸ್ದಿ, ಕಟ್ಟು, ಅರಕೆ, ಎಲ್ಲಾ ಆಯ್ತು. ಯಾರ್ ಕೈಲೂ ನೆಟ್ಟಗಾಗ್ನಿಲ್ಲ. ಸತ್ತ್ ಮ್ಯಾಲೆ ನೀನ್ ಮಾಡ್ಬುಟ್ಟೆ ಕಣಪ್ಪ."

ಹೂವನ್ನು ಮತ್ತೆ ಎಲೆಯಲ್ಲಿ ಸುತ್ತಿಕೊಂಡು ಹೊರಟಳು. ಆ ದಿನ ಭಾಷಣದಲ್ಲಿ ತೋರಿಸಲು ಯಾರೂ ಇರಲಿಲ್ಲ. ಮುಂದಿನ ವರ್ಷ ಅವಳು ಬರಲಿಲ್ಲ, ಅದರ ಮುಂದಿನ ವರ್ಷವೂ ಬರಲಿಲ್ಲ. ವೈದ್ಯನಾಥಪುರಕ್ಕೆ ಹೋಗಿ ಕಾಲಿಗೆ ಬೀಳಬೇಕೆಂದು ಎಷ್ಟೋ ಸಲ ಹೊರಟೆ. ಮದ್ದೂರಿನವರೆಗೆ ಹೋಗಿ, ಬೇರೆ ಕೆಲಸ ಹುಡುಕಿಕೊಂಡು ಮಾಡಿ, ಸಂಜೆಯ ರೈಲಿಗೆ ವಾಪಸಾಗುತ್ತಿದ್ದೆ.

ನಲವತ್ತೇಳು ಬಂತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ನಡೆಯಿತು. ಮಂಡ್ಯ, ಮದ್ದೂರು, ಎಲ್ಲೆಲ್ಲೂ ಮೆರವಣಿಗೆ, ಘೋಷಣೆ. ನಾನೂ ಬಾವುಟ ಬರೆದುಕೊಟ್ಟೆ, ಹಗಲು ದೊರೆ, ಸಂಜೆ ಚರಕ. ಗಲಾಟೆಯಲ್ಲಿ ಯಾರಾದರೂ ಕಲ್ಲು ಹೊಡೆದಾರು ಎಂದು ಮದ್ದೂರಿನ ಹಾಲಿನವರು ಚಿತ್ರವನ್ನು ಇಳಿಸಿ, ಗೋಣಿಪಟ್ಟೆ ಸುತ್ತಿ, ಮುರಿದ ಬೆಂಚುಗಳ ಹಿಂದೆ ಇಟ್ಟರು. ಚಳವಳಿ ಗೆದ್ದಿತು. ಚಿತ್ರ ಮೇಲೇರಲಿಲ್ಲ. ಆ ಜಾಗದಲ್ಲಿ ನಾಯಕರ ಫೋಟೋ ಬಂತು.

ಸುದ್ದಿ ತಿಳಿದ ದಿನವೇ ಓಡಿದೆ. ನನಗೆ ಕೊಡುತ್ತೀರಾ ಎಂದರೆ, "ತಕಂಡೋಗಿ ಸಾಮಿ, ಜಾಗನಾರ ಕಾಲಿ ಆಯ್ತದೆ" ಎಂದ ಜವಾನ. ಎಂಟೊಂಬತ್ತು ವರ್ಷದ ಹಿಂದೆ ಹುಲ್ಲು ಹಾಸಿ ಜೋಪಾನವಾಗಿ ಒಯ್ದ ದಾರಿಯಲ್ಲೇ ಗೋಣಿಯಲ್ಲಿ ಸುತ್ತಿ ವಾಪಸು ತಂದೆ. ಮನಸ್ಸಿನಲ್ಲಿ ಒಂದೇ ಯೋಚನೆ. ಮೇಲಿನ ಬಣ್ಣ ಒರೆಸಿ ಚನ್ನನ ಬೆರಳನ್ನು ಹೊರಗೆ ತೆಗೆಯಬೇಕು, ಇಡೀ ಚಿತ್ರವನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿ ದೇವೀರಮ್ಮನ ಮನೆಯ ಗೋಡೆಗೆ ಒರಗಿಸಿ ಬರಬೇಕು. ಗೋಡೆ ಸಾಲದಿದ್ದರೆ ಎಡಗೈ ಇರುವಷ್ಟು ಭಾಗವನ್ನು ಕತ್ತರಿಸಿ ಕಟ್ಟು ಹಾಕಿಸಿ ಕೊಡುವುದೆಂದೂ ಯೋಚಿಸಿದ್ದೆ.

ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಉಂಗುರದಿಂದ ಶುರು ಮಾಡಿದೆ. ಅಲುಗಲಿಲ್ಲ. ನಾವೇ ಅರೆದ ಬಣ್ಣ, ಕಲ್ಲಾಗಿತ್ತು. ಸ್ಪಿರಿಟ್ ಬೆರೆಸಿದೆ. ಉಂಗುರ ಕರಗಿತು. ನೆಟ್ಟಗಿನ ಬೆರಳು ಮೆತ್ತಗಾಯಿತು. ಇನ್ನೇನು ಬಂತು, ಬಂತು ಎಂದು ಉಸಿರು ಹಿಡಿದು ಒಂದು ಸಲ ಒರೆಸಿದೆ. ಕೆಳಗೆ ಸೊಟ್ಟ ಬೆರಳಿನ ಅಂಚು ಕಂಡಿತು. ಕಂಡದ್ದು ನಿಜ, ಭ್ರಮೆಯಲ್ಲ. ಅವಸರದಲ್ಲಿ ಇನ್ನೊಂದು ಸಲ ಒರೆಸಿದೆ. ನಡುವೆ ವಾರ್ನಿಷ್ ಇರಲಿಲ್ಲವಲ್ಲ, ಎರಡೂ ಬಣ್ಣ ಕೂಡಿಕೊಂಡಿದ್ದವು. ಮೇಲಿನದರ ಜೊತೆ ಕೆಳಗಿನದೂ ಹತ್ತಿಗೆ ಬಂತು. ಕ್ಯಾನ್ವಾಸಿನ ಬಿಳಿ ಎಳೆಗಳು ಕಂಡವು. ಕೈಯಲ್ಲಿ ಗೋಧಿಬಣ್ಣದ ಹತ್ತಿಯ ಉಂಡೆ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ನನ್ನ ಹೆಂಡತಿ ಬಂದು, "ಏನಾಯ್ತೂಂದ್ರೆ?" ಎಂದಾಗ, "ಚನ್ನ ಹೋಗಿಬಿಟ್ಟ" ಎಂದೆನಂತೆ.

ಹೊಸದಾಗಿ ಬರೆಯೋಣ ಎಂದುಕೊಂಡೆ. ನನ್ನ ಕೈಯೇ ಬರೆದದ್ದಲ್ಲವೇ, ಇನ್ನೊಮ್ಮೆ ಬರೆಯಲಾರದೇ? ಬ್ರಷ್ಷು ಹಿಡಿದರೆ ನೆನಪಾಗುತ್ತಿಲ್ಲ. ಬೆರಳು ಒಳಕ್ಕೆ ಬಾಗಿತ್ತೋ ಹೊರಕ್ಕೋ? ಮೊದಲ ಗೆಣ್ಣಿನಲ್ಲೋ ಎರಡನೆಯದರಲ್ಲೋ? ಒರೆಸುವಾಗ ಕಂಡ ಅಂಚು ಕಣ್ಣಿಗೆ ಬಿದ್ದದ್ದು ಒಂದು ಕ್ಷಣ, ಅಷ್ಟರಿಂದ ಏನೂ ತಿಳಿಯಲಿಲ್ಲ. ಇದ್ದಿಲಿನಲ್ಲಿ ಬರೆದಿದ್ದ ಕರಡು ಹಾಳೆಗಳನ್ನು, ಯುದ್ಧಕಾಲದಲ್ಲಿ ಕಾಗದ ಸಿಗದೆ, ಹಿಂಬದಿಗೆ ಸಿನಿಮಾ ಜಾಹೀರಾತು ಬರೆದು ಗೋಡೆಗಳಿಗೆ ಅಂಟಿಸಿ ಆಗಿತ್ತು. ಕೊನೆಗೆ ಧೈರ್ಯ ಮಾಡಿ ವೈದ್ಯನಾಥಪುರಕ್ಕೆ ಹೋದೆ.

ದೇವೀರಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಹಳ ಇಳಿದುಹೋಗಿದ್ದಳು. ಗುರುತು ಹಿಡಿದು, "ಬಾಪ್ಪ" ಎಂದು ಚಾಪೆ ಸರಿಸಿದಳು. ನಾನು ಎಲ್ಲವನ್ನೂ ಹೇಳಿದೆ. ಒರೆಸಿದ್ದು, ಹೋದದ್ದು, ತಿರುಗಿ ಬರೆಯಬೇಕೆಂದಿದ್ದು. "ನಿನ್ನ ಮಗನ ಬೆರಳು ಹೇಗಿತ್ತು ಹೇಳಮ್ಮ. ನೀನು ಹೇಳಿದ ಹಾಗೇ ಬರೀತೀನಿ. ಇನ್ನು ಯಾರ ಹುಕುಮೂ ಇಲ್ಲ" ಎಂದೆ.

ಅವಳು ಅವರೆಕಾಯಿ ಕೆಳಗಿಟ್ಟಳು. ತನ್ನ ಎಡಗೈಯನ್ನು ಮುಂದೆ ಚಾಚಿ, ಬಲಗೈಯಿಂದ ಕಿರುಬೆರಳನ್ನು ಹಿಡಿದು ಒಳಕ್ಕೆ ಬಾಗಿಸಿದಳು.

"ಇಂಗಿತ್ತು."

ನೋಡಿದಳು. ತಲೆ ಅಲ್ಲಾಡಿಸಿದಳು. ಹೊರಕ್ಕೆ ತಿರುಗಿಸಿದಳು.

"ಅಲ್ಲ, ಇಂಗೆ. ಇಂಗಿತ್ತಾ?"

ಮತ್ತೆ ಒಳಕ್ಕೆ. ಮತ್ತೆ ಹೊರಕ್ಕೆ. ಬೆರಳು ಕೆಂಪಗಾಗುವವರೆಗೆ ಹಾಗೇ ಮಾಡುತ್ತಿದ್ದಳು. ಸಾಕು ಬಿಡಮ್ಮ ಎಂದು ಆ ಕೈ ಹಿಡಿದುಕೊಂಡೆ. ಅವಳು ನನ್ನ ಮುಖ ನೋಡಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ, ಹೆದರಿಕೆ ಇತ್ತು.

"ನೆಪ್ಪಾಯ್ತಿಲ್ಲ ಕಣಪ್ಪ. ಕಣ್ ಮುಚ್ಚುದ್ರೆ ನೀನ್ ನೆಟ್ಟಗ್ ಮಾಡಿದ್ ಬೆರಳೇ ಬತ್ತದೆ. ಉಂಗ್ರ ಇಕ್ಕಂಡು."

ಮಂಡ್ಯಕ್ಕೆ ಬಂದವನು ಬಣ್ಣದ ಡಬ್ಬಗಳನ್ನು ಕಟ್ಟಿಟ್ಟೆ. ಸ್ಕೂಲಿನ ಕೆಲಸಕ್ಕೆ ಅರ್ಜಿ ಹಾಕಿದ್ದು ಆ ತಿಂಗಳೇ. ಚಿತ್ರ ಈಗಲೂ ನನ್ನ ಮನೆಯ ನಡುಕೋಣೆಯಲ್ಲಿದೆ, ಬಂದವರೆಲ್ಲ ದೊರೆಯ ಮುಖ ನೋಡಿ ಎಷ್ಟು ಚೆನ್ನಾಗಿದೆ ಎನ್ನುತ್ತಾರೆ. ಕತ್ತಿಯ ಹಿಡಿಯ ಮೇಲೆ ಹೆಬ್ಬೆರಳು ಮತ್ತು ಮೂರು ಬೆರಳುಗಳಿವೆ, ಅವುಗಳ ಪಕ್ಕದಲ್ಲಿ ಬರೀ ಕ್ಯಾನ್ವಾಸಿನ ಬಟ್ಟೆ ಕಾಣುತ್ತದೆ. ನಾನು ಅಲ್ಲಿ ಏನನ್ನೂ ಬರೆದಿಲ್ಲ. ಕಣಗಿಲೆ ಬಿಡುವ ಕಾಲದಲ್ಲಿ ಚೌಕಟ್ಟಿನ ಎಡಮೂಲೆಗೆ ಒಂದು ಹೂವು ಸಿಕ್ಕಿಸುತ್ತೇನೆ.